ನಾನು ವರ ನೋಡಲು ಹೋದದ್ದು

ಮೊನ್ನೆ ರವಿವಾರ ಬೆಳಿಗ್ಗೆ ಪಕ್ಕದ ಮನೆಯಿಂದ ತುಪ್ಪದಲ್ಲಿ ರವೆ ಹುರಿಯುವ ವಾಸನೆ ಬಂತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಅಂದಮೇಲೆ ಅಲ್ಲಿಯ ಹುಡುಗಿಯನ್ನು ನೋಡಲು ಗಂಡಿನವರು ಬರುತ್ತಿದ್ದಾರೆ ಎಂದೇ ಅರ್ಥ. ನಮ್ಮ ಗದಗ-ಬೆಟಗೇರಿ ಕಡೆ ಕನ್ಯಾ ನೋಡಲು ಬಂದವರಿಗೆ ಶಿರಾ, ಒಗ್ಗರಣೆ ಅವಲಕ್ಕಿ, ಚಹಾ ಕೊಡದಿದ್ದರೆ ನೋಡಿದ್ದು ಲೆಕ್ಕಕ್ಕೇ ಬರುವುದಿಲ್ಲ. ನನಗೆ ಈ ವಾಸನೆ ಮೂಗಿಗೆ ಬಡಿದರೆ ನಗು ತಡೆಯಲಾಗುವುದಿಲ್ಲ. ಎಂಬತ್ತೈದು ದಾಟಿದ ಮುದುಕಿ ಒಬ್ಬಳೇ ಕೂತು ನಗುವುದನ್ನು ಕಂಡರೆ ಸೊಸೆಗೆ ಗಾಬರಿ. ನಿಮಗಾದರೂ ಕಾರಣ ಹೇಳಿಬಿಡುತ್ತೇನೆ. ನಾನೂ ಒಮ್ಮೆ ಹೀಗೆ ಶಿರಾ ತಿಂದು ಬಂದವಳು. ಆಗ ನನಗೆ ಹದಿನಾಲ್ಕು ವರ್ಷ. ತೋರಿಸಿಕೊಳ್ಳಲಿಕ್ಕಲ್ಲ, ವರನನ್ನು ನೋಡಲು ಹೋಗಿದ್ದೆ.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ಕಟ್ಟೆಯ ಮೇಲೆ ಕೂತವರೆಲ್ಲ ಕರ್ನಾಟಕದ ನಕಾಶೆ ಬರೆಯುವವರೇ. ಅಪ್ಪನ ಸೀರೆ ಅಂಗಡಿಗೆ ಗಿರಾಕಿ ಬಂದರೆ ಮೊದಲು ಏಕೀಕರಣದ ಮಾತು, ಆಮೇಲೆ ಸೆರಗಿನ ಮಾತು. ಈ ಗದ್ದಲದ ನಡುವೆ ನಾನು ಮತ್ತು ಗೆಳತಿ ಗಂಗವ್ವ ದಿನಾ ಬೆಟಗೇರಿಯಿಂದ ರೈಲು ಗೇಟು ದಾಟಿ ಗದಗಿನ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದೆವು. ನಮ್ಮ ಓಣಿಯಿಂದ ಅಷ್ಟು ದೂರ ಓದಲು ಹೊರಟ ಹುಡುಗಿಯರು ನಾವಿಬ್ಬರೇ. ಹಾಗಾಗಿ ನಮಗೆ ಕೋಡು ಮೂಡಿತ್ತು ಎಂದು ಓಣಿಯವರು ಹೇಳುತ್ತಿದ್ದರು. ಸುಳ್ಳೇನಲ್ಲ.

ಗೇಟಿನ ಹತ್ತಿರ ಸೈಕಲ್ಲಿಗೆ ಒರಗಿ ನಿಲ್ಲುತ್ತಿದ್ದವನು ವಸಂತ. ಬೆಳಿಗ್ಗೆ ಏಕೀಕರಣದ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತು ಕನ್ನಡ ತಾಯಿಗೆ ಜೈ ಅನ್ನುತ್ತಿದ್ದ. ಸಂಜೆ ಅದೇ ಗಂಟಲಿನಿಂದ ಕನ್ನಡ ತಾಯಿಯ ಹೆಣ್ಣುಮಕ್ಕಳ ಮೇಲೆ ಹೊಲಸು ಹಾಡು. ಮೊದಲು ಬರೀ ಹಾಡಿತ್ತು. ಆಮೇಲೆ ಬೇಕೆಂದೇ ಸೈಕಲ್ಲು ಮೈಗೆ ತಾಗಿಸುವುದು, ಜಡೆ ಎಳೆದು ಓಡುವುದು ಶುರುವಾಯಿತು. ಈಗ ನಗುತ್ತ ಬರೆಯುತ್ತಿದ್ದೇನೆ, ಆಗ ಗೇಟು ಹತ್ತಿರವಾದಂತೆ ನಾನು ಗಂಗವ್ವನ ಕೈ ಬಿಡುತ್ತಿರಲಿಲ್ಲ. ಗೇಟು ಹಾಕಿದ್ದರಂತೂ ಮುಗಿಯಿತು. ಗೂಡ್ಸ್ ಗಾಡಿಯ ಅಷ್ಟೂ ಡಬ್ಬಿಗಳು ದಾಟುವ ತನಕ ಅವನ ಪಕ್ಕದಲ್ಲೇ ನಿಲ್ಲಬೇಕು.

ಗಂಗವ್ವ ಧೈರ್ಯದವಳು. ಒಂದು ಸೋಮವಾರ ಮನೆಯಲ್ಲಿ ಹೇಳಿಬಿಟ್ಟಳು. ಅವಳಪ್ಪ ವಸಂತನ ಮನೆಗೆ ಹೋಗಲಿಲ್ಲ. "ನಾಳಿಂದ ಸಾಲಿ ಸಾಕವಾ, ಮನ್ಯಾಗ ಇರು" ಅಂದರಂತೆ. ಮಂಗಳವಾರ ಬೆಂಚಿನ ಮೇಲೆ ನಾನೊಬ್ಬಳೇ. ಎರಡು ತಿಂಗಳೊಳಗೆ ಅವಳನ್ನು ಮುಂಡರಗಿಗೆ ಮದುವೆ ಮಾಡಿ ಕೊಟ್ಟರು. ಅದನ್ನು ಕಂಡ ಮೇಲೆ ನಾನು ಬಾಯಿಗೆ ಬೀಗ ಹಾಕಿಕೊಂಡೆ. ನನಗೆ ವಸಂತನಿಗಿಂತ ಅಪ್ಪನ ಹೆದರಿಕೆಯೇ ಹೆಚ್ಚಾಯಿತು.

ಅಷ್ಟರಲ್ಲಿ ಲಕ್ಷ್ಮೇಶ್ವರದಿಂದ ಅತ್ತೆ ಬಂದಳು, ಅಪ್ಪನ ಅಕ್ಕ. ಲಕ್ಷ್ಮೇಶ್ವರ ಕೆಲವೇ ವರ್ಷಗಳ ಹಿಂದೆ ಸಂಸ್ಥಾನದ ಊರಾಗಿತ್ತು. ರಾಜರು ಬಿಟ್ಟುಕೊಟ್ಟ ದರ್ಬಾರನ್ನು ಅತ್ತೆ ಮಾತ್ರ ಬಿಟ್ಟಿರಲಿಲ್ಲ. ಹಣೆ ತುಂಬ ಕುಂಕುಮ, ಬಾಯಿ ತುಂಬ ಎಲೆ-ಅಡಿಕೆ. ನನ್ನ ತಲೆ ಬಾಚುವಾಗ ನಾನು "ಅಯ್ಯೋ" ಅಂದೆ. ಅವಳು ಕೂದಲು ಸರಿಸಿ ನೋಡಿದಳು, ಬುಡ ಕೆಂಪಾಗಿ ಬಾತಿತ್ತು.

"ಯಾರ ಎಳದಾರ?"

ಅತ್ತುಕೊಂಡು ಎಲ್ಲ ಹೇಳಿದೆ. "ಅಪ್ಪಾಗ ಹೇಳಬ್ಯಾಡ ಅತ್ತಿ. ಸಾಲಿ ಬಿಡಸ್ತಾನ."

ಅತ್ತೆ ಜಡೆ ಹೆಣೆದು ಮುಗಿಸಿ ರಿಬ್ಬನ್ ಕಟ್ಟಿದಳು. "ನಾ ಯಾಕ ಹೇಳ್ಲಿ? ಆ ಹುಡುಗನ ಮನಿ ಯಾವ ಓಣ್ಯಾಗ ಐತಿ?"

ಬಂದ ರವಿವಾರ ಅಪ್ಪ ಅಂಗಡಿಗೆ ಹೋದ ಮೇಲೆ ಅತ್ತೆ ರೇಷ್ಮೆ ಸೀರೆ ಉಟ್ಟಳು. ತಾಟಿನಲ್ಲಿ ಕಾಯಿ, ಎಲೆ-ಅಡಿಕೆ, ಉತ್ತತ್ತಿ. ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಗಿ ವಸಂತನ ಮನೆಯ ಪಡಸಾಲೆಯಲ್ಲಿ ಕೂತೇಬಿಟ್ಟಳು. ತಾಟು ಕಂಡ ಅವನ ತಾಯಿ ಹಿಗ್ಗಿ ಹೀರೇಕಾಯಿಯಾದಳು. ಕನ್ಯೆ ಕೊಡಲು ಬಂದವರೆಂದು ಜಮಖಾನೆ ಹಾಸಿ, ಗಡಿಬಿಡಿಯಲ್ಲಿ ಶಿರಾ ತಿರುವಿ ತಂದಳು. ಮೂಲೆಯಲ್ಲಿ ಕಿವಿ ಮಂದವಾದ ಅಜ್ಜ, ಬಾಗಿಲ ಸಂದಿಯಲ್ಲಿ ನನ್ನ ವಯಸ್ಸಿನ ತಂಗಿ.

"ಕನ್ಯಾನ್ನೂ ಕರಕೊಂಡ ಬಂದೀರಲ್ರಿ!" ಎಂದು ತಾಯಿಗೆ ಆಶ್ಚರ್ಯ.

"ನಿಮ್ಮ ಮಗಾ ಇಕಿನ್ನ ದಿನಾ ನೋಡ್ಯಾನ್ರಿ. ಆ ಕೆಲಸ ಮುಗದೈತಿ," ಅಂದಳು ಅತ್ತೆ. "ಇವತ್ತ ನಾವು ಹುಡುಗನ್ನ ನೋಡಾಕ ಬಂದೀವಿ. ಕರೀರಿ."

ವಸಂತ ಕ್ರಾಪು ತೀಡಿಕೊಂಡು ಬಂದ. ನನ್ನನ್ನು ಕಂಡವನೇ ನಿಂತಲ್ಲೇ ಬೆವರಿದ. ಅತ್ತೆ ಅವನನ್ನು ಚಾಪೆಯ ಮೇಲೆ ಕೂರಿಸಿ, ಕನ್ಯೆಗೆ ಕೇಳುವುದನ್ನೆಲ್ಲ ಕೇಳಿದಳು. ಹೆಸರೇನು? ಎಷ್ಟನೇ ಇಯತ್ತೆ? ರೊಟ್ಟಿ ಬಡಿಯಲು ಬರುತ್ತದೋ? ಎದ್ದು ನಾಲ್ಕು ಹೆಜ್ಜೆ ನಡೆ, ಕಾಲು ಕುಂಟಲ್ಲವಷ್ಟೆ? ಅವನು ನಡೆದ. ನಾನು ಶಿರಾ ತಿಂದೆ. ಅಷ್ಟು ರುಚಿಯಾದ ಶಿರಾ ನಾನು ಇಂದಿನವರೆಗೆ ತಿಂದಿಲ್ಲ.

"ಈಗ ಒಂದ ಹಾಡು ಹೇಳು ತಮ್ಮಾ."

ಅವನು ನೆಲ ನೋಡಿಕೊಂಡು ಭಜನೆಯ ಪದ ಎತ್ತಿದ.

"ಇದಲ್ಲೋ. ರೈಲು ಗೇಟಿನ್ಯಾಗ ಇಕಿ ಮುಂದ ದಿನಾ ಹೇಳ್ತಿಯಲ್ಲ, ಅದನ್ನ ಹೇಳು. ನಿಮ್ಮವ್ವ, ನಿಮ್ಮ ತಂಗಿ ಎಲ್ಲಾರೂ ಕೇಳ್ಲಿ."

ಅಜ್ಜನಿಗೆ ಅರ್ಧ ಕೇಳಿತು. "ಹೇಳಲೇ, ದೊಡ್ಡವರು ಕೇಳಾಕತ್ತಾರ. ನಾಚಗೀ ಯಾಕ?" ಎಂದು ಕೋಲು ಕುಟ್ಟಿದ.

ತಾಯಿಯ ಮುಖ ಇಳಿಯಿತು. ಅತ್ತೆ ದನಿ ಏರಿಸಲೇ ಇಲ್ಲ. "ಸೈಕಲ್ಲಿನ ಪೆಟ್ಟು, ಜಡಿ ಎಳದ ಗುರ್ತು ನಮ್ಮ ಹುಡುಗಿ ಮೈಮ್ಯಾಲ ಅದಾವ್ರಿ. ನಿಮ್ಮ ಮಗಳು ಯಾವ ದಾರಿಲೆ ಸಾಲಿಗೆ ಹೋಗ್ತಾಳ?" ಎಂದಳು. ಬಾಗಿಲ ಸಂದಿಯ ತಂಗಿ ಅಣ್ಣನನ್ನು ನೋಡಿದ ನೋಟಕ್ಕೆ ಅವನು ಕುಗ್ಗಿದಷ್ಟು ಅತ್ತೆಯ ಮಾತಿಗೂ ಕುಗ್ಗಲಿಲ್ಲ. ತಾಯಿ ಎದ್ದು, ಗೋಡೆಗೆ ಒರಗಿಸಿದ್ದ ಸೈಕಲ್ಲಿಗೆ ಕೀಲಿ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇನ್ನ ಇಂವಾ ಆ ಗೇಟಿನ ಕಡೆ ಹಾಯೂದಿಲ್ರಿ. ನನ್ನ ಮಾತು," ಅಂದಳು. ಕಣ್ಣಲ್ಲಿ ನೀರಿತ್ತು.

ಅತ್ತೆ ಎದ್ದು ಸೆರಗು ಕೊಡವಿ, ನಮ್ಮ ಕಡೆ ಕನ್ಯೆಯನ್ನು ಒಲ್ಲೆವು ಅನ್ನಲು ಗಂಡಿನವರು ಆಡುವ ಮಾತನ್ನೇ ಆಡಿದಳು: "ಆತ್ರಿ, ಊರಿಗೆ ಹೋಗಿ ಪತ್ರಾ ಹಾಕ್ತೀವಿ." ನಮ್ಮ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ.

ಖಬರ ಸಂಜೆಯೊಳಗೆ ಬೆಟಗೇರಿ ತುಂಬಿತು. ತೋರಿಸಿಕೊಂಡು ಒಲ್ಲೆ ಅನ್ನಿಸಿಕೊಂಡ ಗಂಡು ನಮ್ಮೂರಲ್ಲಿ ಅವನೇ ಮೊದಲಿಗ. ಅಪ್ಪನಿಗೂ ಗೊತ್ತಾಗಿ ಹಾರಾಡಿದರು. ಆದರೆ ಅಕ್ಕನ ಎದುರು ಅವರ ಆಟ ನಡೆಯಲಿಲ್ಲ, ನಾನು ಮ್ಯಾಟ್ರಿಕ್ ಮುಗಿಸಿದೆ.

ಎಷ್ಟೋ ವರ್ಷಗಳ ಮೇಲೆ ಮುಂಡರಗಿಯ ಸಂತೆಯಲ್ಲಿ ಗಂಗವ್ವ ಸಿಕ್ಕಳು. ಕಂಕುಳಲ್ಲೊಂದು ಕೂಸು, ಸೆರಗು ಹಿಡಿದು ಇನ್ನೊಂದು. ಹೆಚ್ಚುಗಾರಿಕೆಯಿಂದ ಈ ಕಥೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಸಾಲ್ಯಾಗ ಲೆಕ್ಕದಾಗ ನಾ ನಿನಕಿಂತ ಶಾಣ್ಯಾಕಿ ಇದ್ನಲ್ಲಲೇ," ಅಂದಳು. "ನಾ ಮಾಡಿದ್ದ ತಪ್ಪು ಒಂದ. ಮನ್ಯಾಗ ಹೇಳಿದೆ."

ಶಿರಾದ ವಾಸನೆಗೆ ನಗುತ್ತ ಕೂತಿದ್ದ ಮರುದಿನವೇ ನೋಡಿ, ನಾಗಾವಿಗೆ ಓದಲು ಹೋಗುವ ಮೊಮ್ಮಗಳು ಬಂದು ಚೀಲ ಮೂಲೆಗೆ ಎಸೆದಳು. ಬಸ್ಸಿನಲ್ಲಿ ಒಬ್ಬ ವಾರದಿಂದ ಬೇಕೆಂದೇ ಮೈಮೇಲೆ ಬೀಳುತ್ತಿದ್ದಾನಂತೆ. ನನ್ನ ಬಾಯಿ ತೆರೆಯಿತು. ನಾಲಿಗೆಯ ತುದಿಗೆ ಬಂದದ್ದು ಏನು ಗೊತ್ತೇ? "ನಾಳಿಂದ ಹೋಗಬ್ಯಾಡ ಬಿಡು." ಅತ್ತೆಯ ಕೈಹಿಡಿದು ಹೋಗಿದ್ದ ನಾನೇ, ಗಂಗವ್ವನ ಅಪ್ಪನ ಮಾತು ಆಡಲಿದ್ದೆ. ನಾಚಿಕೆಯಾಗಿ ನುಂಗಿಕೊಂಡೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

"ಹೇಳಿದ್ದು ಚಲೋ ಮಾಡಿದಿ ನನ್ನವ್ವಾ," ಅಂದೆ. "ನಾಳೆ ಅದ ಬಸ್ಸಿಗೆ ನಾನೂ ಬರ್ತೀನಿ."