ಮೈನಸ್ ಬಂದ ಉತ್ತರ

ಮೈಸೂರಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನಾನು ದೂರದೇಶದ ಈ ಕೇಟಿ ಊರಿಗೆ ಬಂದ ಮೇಲೆ ಪಾಠ ಮಾಡಿರಲೇ ಇಲ್ಲ. ಒಂದು ಶನಿವಾರ ಪಕ್ಕದ ಮನೆಯ ಧಾರವಾಡದ ಗೆಳತಿ, ಆಸ್ಟಿನ್‌ನಲ್ಲಿ ಎಂಜಿನಿಯರಿಂಗ್ ಓದುವ ಮಗಳನ್ನು ಕರೆತಂದರು.

"ಎಂಟ್ರೊಪಿ ಅಂದ್ರ ಅಳಾಕ ಶುರು ಮಾಡ್ತಾಳ್ರಿ. ಸ್ವಲ್ಪ ಹೇಳಿಕೊಡ್ರಿ."

ಹುಡುಗಿ ತಾನು ಬಿಡಿಸಿದ ಲೆಕ್ಕ ತೋರಿಸಿದಳು. ನೀರು ಮಂಜುಗಡ್ಡೆಯಾದಾಗ ಅದರ ಎಂಟ್ರೊಪಿ, ಅಂದರೆ ಕಣಗಳ ಅಸ್ತವ್ಯಸ್ತತೆಯ ಅಳತೆ, ಎಷ್ಟು ಬದಲಾಗುತ್ತದೆ ಎಂಬುದು ಪ್ರಶ್ನೆ. ಉತ್ತರ ಮೈನಸ್ ಬಂದಿತ್ತು. ಎಂಟ್ರೊಪಿ ಯಾವಾಗಲೂ ಹೆಚ್ಚಬೇಕಲ್ಲವೇ, ತನ್ನದೇ ತಪ್ಪಿರಬೇಕು ಎಂದು ಇಂಗ್ಲಿಷಿನಲ್ಲಿ ಗೊಣಗಿದಳು. ನಾನು ಲೆಕ್ಕವನ್ನು ಇನ್ನೊಮ್ಮೆ ನೋಡಿದೆ. ಆಮೇಲೆ ಅವಳನ್ನು ಅಡುಗೆಮನೆಗೆ ಕರೆದೊಯ್ದು, ಫ್ರಿಜ್ಜಿನ ಕೆಳಗಿಂದ ಬರುವ ಗಾಳಿಗೆ ಕೈಯೊಡ್ಡಲು ಹೇಳಿದೆ.

"ಇಟ್ಸ್ ವಾರ್ಮ್, ಆಂಟಿ."

"ಒಳಗಿನ ನೀರು ಬಿಟ್ಟ ಶಾಖ, ಜೊತೆಗೆ ಮೋಟಾರಿಂದೂ ಸೇರಿದೆ. ನೀರಿನ ಎಂಟ್ರೊಪಿ ಇಳೀತು, ಅದಕ್ಕಿಂತ ಜಾಸ್ತಿ ಈ ಅಡುಗೆಮನೇದು ಏರ್ತು. ಎರಡನ್ನೂ ಕೂಡಿಸಿದ್ರೆ ಹೆಚ್ಚೇ ಆಗುತ್ತೆ. ನಿನ್ನ ಉತ್ತರ ಸರಿಯಾಗೇ ಇದೆ."

ಅವಳು ನೆಲದ ಮೇಲೆಯೇ ಕುಳಿತು ನಕ್ಕುಬಿಟ್ಟಳು. ಉಳಿದ ಲೆಕ್ಕಗಳನ್ನು ನನ್ನನ್ನು ಕೇಳದೆಯೇ ಬಿಡಿಸಿದಳು.

ಪರೀಕ್ಷೆ ಮುಗಿದ ದಿನ ಅವಳೇ ಫೋನ್ ಮಾಡಿ, ಚೆನ್ನಾಗಿ ಆಯಿತು ಎಂದಳು. ನಾನು ಒಲೆ ಆರಿಸಿ, ಕುರ್ಚಿ ಎಳೆದುಕೊಂಡು, ಒಂದೊಂದೇ ಪ್ರಶ್ನೆಯ ಕಥೆಯನ್ನು ಸಮಾಧಾನವಾಗಿ ಕೇಳಿದೆ.