ಬೆಣೆಯಕ್ಕನ ನಲವತ್ತೆರಡು ಬೆಂಚುಗಳು

ಬೆಳಗಿನ ಐದೂವರೆ. ಚರ್ಚಿನ ಕಲ್ಲುನೆಲದ ಮೇಲೆ ಬೆಣೆಯಕ್ಕ ಅಂಗಾತ ಮಲಗಿದ್ದಾರೆ. ಬಾಯಲ್ಲಿ ಟಾರ್ಚು, ಎದೆಯ ಮೇಲೆ ಸುತ್ತಿಗೆ, ಮುಖಕ್ಕೆ ಗೇಣುದ್ದ ಮೇಲೆ ಒಂದು ಭಾರೀ ಮರದ ಬೆಂಚು. ಅದರ ಹೊಟ್ಟೆಯಡಿ ಬೆರಳಾಡಿಸುತ್ತಾರೆ, ಎಣಿಸುತ್ತಾರೆ, ತಟ್ಟನೆ ಟಾರ್ಚು ಉಗುಳಿ ಕೂಗುತ್ತಾರೆ: "ಹದಿನೇಳು! ಅಜ್ಜಾ, ಇದು ಎಡಗಡೆ ಹದಿನೇಳು! ಎತ್ತು, ಎತ್ತು!"

"ಎತ್ತು ಎತ್ತು ಅಂತೀಯಲ್ಲ ತಾಯಿ, ನಾನೇನು ಎತ್ತಾ?" ಎನ್ನುತ್ತಲೇ ಗಂಟೆ ಬಾರಿಸುವ ಅಜ್ಜ ಇನ್ನೊಂದು ತುದಿಗೆ ಕೈಹಾಕುತ್ತಾರೆ.

ಎಂಟಕ್ಕೆ ಭಾನುವಾರದ ಪೂಜೆ. ಅಷ್ಟರೊಳಗೆ ನಲವತ್ತೆರಡು ಬೆಂಚುಗಳೂ ಅಲ್ಲಾಡದೆ ನಿಂತರೆ ಉಳಿಯುತ್ತವೆ. ಇಲ್ಲವಾದರೆ ನಾಳೆ ಲಾರಿ ಬರುತ್ತದೆ. ಪ್ಲಾಸ್ಟಿಕ್ ಕುರ್ಚಿಗಳು ಆಗಲೇ ಹಿಂದಿನ ಕೋಣೆಯಲ್ಲಿ ಒಂದರ ಮೇಲೊಂದು ಕುಳಿತು ಕಾಯುತ್ತಿವೆ. ನೂರು ವರ್ಷ ಬಾಳಿದ ಮರವನ್ನು ಸೌದೆ ಮಾಡಲು ಚರ್ಚಿನ ಸಮಿತಿಗೆ ಬೇಕಾದದ್ದು ಒಂದು ಮೀಟಿಂಗು, ಎರಡು ತಟ್ಟೆ ಬಿಸ್ಕತ್ತು. ಬೆಂಚಿನ ಅಡಿಗೆ ಬಗ್ಗಿ ನೋಡಲು ಮಾತ್ರ ಒಬ್ಬರ ಸೊಂಟವೂ ಬಗ್ಗಲಿಲ್ಲ!

ಬೆಂಚುಗಳು ಸದ್ದು ಮಾಡುತ್ತವೆಂಬ ದೂರು ಸುಳ್ಳಲ್ಲ. ಜನ ಎದ್ದರೆ ಕಿರ್, ಕೂತರೆ ಕಟಕ್. "ಫಾದರ್ 'ಮೌನವಾಗಿ ಪ್ರಾರ್ಥಿಸೋಣ' ಅಂದ್ರೆ ಸಾಕು, ಇವು ಶುರು ಹಚ್ಕೊಳ್ಳೋವು," ಅಜ್ಜ ನಗುತ್ತಾರೆ. ಅದಕ್ಕೇ ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಈ ಬಡಗಿ ಹೆಂಗಸು ಇಲ್ಲಿಗೆ ಬರುತ್ತಾರೆ. ಅಲ್ಲಾಡುವ ಕಾಲುಗಳಡಿ ತೆಳ್ಳನೆ ಬೆಣೆ ಬಡಿಯುತ್ತಾರೆ. ವಾರಕ್ಕೆ ಇಪ್ಪತ್ತೈದೋ ಮೂವತ್ತೋ. ಸೋಮವಾರ ಕಸ ಗುಡಿಸುವಾಗ ಅರ್ಧ ಬೆಣೆ ಪೊರಕೆಯ ಪಾಲು. ಹೆಸರು ಮರೆತು ಊರೆಲ್ಲ ಬೆಣೆಯಕ್ಕ ಎನ್ನುವುದು ಹೀಗೆ.

ಮೊದಲು ಬಡಗಿಯಾಗಿದ್ದವರು ಗಂಡ. ಕಟ್ಟಡ ಕೆಲಸದ ಸಾರುವೆ ಕುಸಿದು ಬಿದ್ದು ಅವರ ಬಲಗೈ ಸೋತಿತು. ಗರಗಸದ ಇನ್ನೊಂದು ತುದಿ ಹಿಡಿದು ಅಭ್ಯಾಸವಿದ್ದ ಹೆಂಡತಿ ಎರಡೂ ತುದಿ ಹಿಡಿದರು. ಹೆಂಗಸು ಮಾಡಿದ ಬಾಗಿಲು ನಮಗೆ ಬೇಡ ಎಂದವರುಂಟು. ನೆಟ್ಟಗೆ ನಿಂತ ಬಾಗಿಲನ್ನು ಮೂರು ಸಲ ತೆಗೆದು ಹಾಕಿ ನೋಡಿದವರೂ ಉಂಟು. "ಗರಗಸಕ್ಕೆ ಗಂಡಸು, ಹೆಂಗಸು ಗೊತ್ತಾಗಲ್ಲಪ್ಪಾ. ಹಲ್ಲು ಚೂಪಿದ್ರೆ ಕೊಯ್ಯುತ್ತೆ," ಎನ್ನುತ್ತಾರೆ ಬೆಣೆಯಕ್ಕ. ಮನೆಯಲ್ಲಿ ಎಡಗೈಯಲ್ಲೇ ಉಳಿ ಮಸೆದು ಕೊಡುವ ಗಂಡನ ಮಾತು ಬೇರೆ: "ನನ್ನ ಬಲಗೈ ಹೋಯ್ತು ಅಂದೋರ್ಯಾರು? ದಿನಾ ಬುತ್ತಿ ಕಟ್ಕೊಂಡು ಕೆಲಸಕ್ಕೆ ಹೋಗುತ್ತಲ್ಲ!"

ಬೆಂಚುಗಳ ಗುಟ್ಟು ಬಯಲಾದದ್ದು ಮೊನ್ನೆ ಶುಕ್ರವಾರ. ಲಾರಿ ಬರುವ ಮೊದಲು ತಮ್ಮ ಬೆಣೆಗಳನ್ನಾದರೂ ಬಿಚ್ಚಿಕೊಳ್ಳೋಣವೆಂದು ಇಷ್ಟು ವರ್ಷ ಕಾಲುಗಳನ್ನಷ್ಟೇ ನೋಡಿದ್ದ ಬೆಣೆಯಕ್ಕ ಎಲ್ಲಕ್ಕಿಂತ ಮುಂದಿನ ಬೆಂಚನ್ನು ಪೂರ್ತಿ ಮಗುಚಿದರು. ಕೂರುವ ಹಲಗೆಯ ತಳದಲ್ಲಿ ಉಳಿಯಿಂದ ಕೊರೆದ ಒಂಬತ್ತು ಗೀರು. ಮುಂದಿನ ಬೆಂಚಿಗೆ ಒಂಬತ್ತೇಕೆ? ಅಜ್ಜನ ಜೊತೆ ಹೊತ್ತೊಯ್ದು ಒಂಬತ್ತನೆಯ ಸಾಲಿನಲ್ಲಿಟ್ಟರು. ಕೂತರು. ಓಲಾಡಿದರು. ಬೆಂಚು ಉಸಿರೆತ್ತಲಿಲ್ಲ!

"ಮೈಯೆಲ್ಲ ಜುಮ್ ಅಂತು ನೋಡಿ! ಈ ನೆಲದ ಕಲ್ಲು ಒಂದು ಮೇಲೆ, ಒಂದು ಕೆಳಗೆ. ಆ ಕಾಲದ ಬಡಗಿ ಯಾವ ಜಾಗಕ್ಕೆ ಯಾವ ಬೆಂಚೋ, ಆ ಕಲ್ಲಿಗೆ ತಕ್ಕ ಹಾಗೆ ಕಾಲು ಕೊಯ್ದಿದಾನೆ. ಯಾವಾಗಲೋ ನೆಲ ತೊಳೆಯೋಕೆ ಹೊರಗೆ ಹಾಕ್ದೋರು ಕೈಗೆ ಸಿಕ್ಕಿದ್ದನ್ನ ಕಾಲಿಗೆ ಸಿಕ್ಕಿದ ಕಡೆ ಇಟ್ಟಿದಾರೆ. ಬೇರೆಯೋರ ಚಪ್ಪಲಿ ಮೆಟ್ಕೊಂಡ ಹಾಗೆ ನಿಂತಿದ್ವು, ಪಾಪ!" ಎನ್ನುತ್ತಾರೆ ಬೆಣೆಯಕ್ಕ.

ಎಡಸಾಲಿನ ಬೆಂಚಿಗೆ ನೇರ ಗೀರು, ಬಲಸಾಲಿನದಕ್ಕೆ ಓರೆ ಗೀರು. ಎರಡೂ ಕಡೆ ಇಪ್ಪತ್ತೊಂದು ಸಾಲು, ಲೆಕ್ಕ ಅಷ್ಟು ಸರಳ. ಸಮಿತಿಗೆ ಹೇಳಿ ಭಾನುವಾರದವರೆಗೆ ಗಡುವು ಕೊಡಿಸಿದವರು ಫಾದರ್.

ಆರೂವರೆಗೆ ಮೂವತ್ತೊಂಬತ್ತು ಬೆಂಚು ಬಂಡೆಯಂತೆ ನಿಲ್ಲುತ್ತವೆ. ಉಳಿದ ಮೂರು, ತಮ್ಮ ಜಾಗದಲ್ಲೇ ಇದ್ದರೂ ಕುಂಟುತ್ತವೆ. ಬೆಣೆಯಕ್ಕ ಬಗ್ಗಿ ಟಾರ್ಚು ಹಾಕುತ್ತಾರೆ. ಕಾಲುಗಳ ತುದಿಯ ಗರಗಸದ ಗುರುತು ಸವರುತ್ತಾರೆ.

"ಅಜ್ಜ, ಇವುಗಳ ಕಾಲು ಕತ್ತರಿಸಿದೋಳು ನಾನೇ. ಬೆಣೆ ಹೊಡೆದು ಹೊಡೆದು ಸಾಕಾಗಿ ಗರಗಸ ಹಾಕಿದ್ದೆ. ಕಾಲು ಉದ್ದ ಅಂದ್ಕೊಂಡೆ. ತಪ್ಪಿದ್ದು ಜಾಗ."

"ಯಾರಿಗೆ ಗೊತ್ತಾಗುತ್ತೆ? ಒಂದೊಂದು ಬೆಣೆ ತುರುಕಿ ಸುಮ್ನಿರು."

"ಪೂಜೆ ಮುಗಿಯೋದ್ರೊಳಗೆ ಜಾರುತ್ತೆ. ಹೋಗಿ ಆ ಚೀಲ ತಗೊಂಡು ಬಾ."

ಅಂಟು ಒಣಗಲು ಹೊತ್ತಿಲ್ಲ. ಬೆಣೆಯಕ್ಕ ಹೊಸ ಮರದ ತುಂಡು ಕೊಯ್ದು, ತೂತು ಕೊರೆದು, ಮರದ ಗೂಟ ಬಡಿದು ಕಾಲಿಗೆ ಕೂಡಿಸುತ್ತಾರೆ. ನೆಲಕ್ಕಿಡುತ್ತಾರೆ, ಎತ್ತುತ್ತಾರೆ, ಕೂದಲೆಳೆಯಷ್ಟು ಕೀಸುತ್ತಾರೆ, ಮತ್ತೆ ಇಡುತ್ತಾರೆ. ಏಳೂವರೆಗೆ ಅಜ್ಜ ಗಂಟೆಯ ಹಗ್ಗಕ್ಕೆ ಓಡುತ್ತಾರೆ. ಗಂಟೆ ಮೊಳಗುವಾಗ ಕೊನೆಯ ಗೂಟ ಒಳಗಿಳಿಯುತ್ತದೆ. ಕರಿಗಟ್ಟಿದ ಕಾಲುಗಳ ತುದಿಗೆ ಬಿಳಿ ಮರ ಎದ್ದು ಕಾಣುತ್ತದೆ. ಬಣ್ಣ ಬಳಿಯುವುದಿಲ್ಲವೆಂದು ಬೆಣೆಯಕ್ಕನ ಹಟ. "ನನ್ನ ತಪ್ಪು. ಇರಲಿ, ಕಾಣಲಿ."

ಜನ ತುಂಬುತ್ತಾರೆ. ಸಮಿತಿಯ ಕಾರ್ಯದರ್ಶಿ ಬೇಕೆಂದೇ ಹೊಸ ಕಾಲಿನ ಬೆಂಚಿನ ಮೇಲೆ ದೊಪ್ಪೆಂದು ಕೂತು ಎಡಕ್ಕೆ ಬಲಕ್ಕೆ ಓಲಾಡುತ್ತಾರೆ. ತಲೆತುಂಬ ಮರದ ಪುಡಿ ಹೊತ್ತ ಬೆಣೆಯಕ್ಕ ಕಂಬದ ಹಿಂದೆ ಉಗುರು ಕಚ್ಚುತ್ತಾರೆ. ಹಾಡು ಮುಗಿಯುತ್ತದೆ. ಇನ್ನೂರು ಮಂದಿ ಒಟ್ಟಿಗೆ ಕೂರುತ್ತಾರೆ.

ಕಿರ್ ಇಲ್ಲ. ಕಟಕ್ ಇಲ್ಲ. ಸದ್ದಡಗಲೆಂದು ಅಭ್ಯಾಸಬಲದಿಂದ ಕಾಯುತ್ತ ನಿಂತ ಫಾದರ್, ಅಡಗಲು ಸದ್ದೇ ಇಲ್ಲವೆಂದು ತಿಳಿದು ನಕ್ಕುಬಿಡುತ್ತಾರೆ. "ಬೆಂಚಿಗೇನಾಯ್ತೇ?" ಎಂದು ಅಜ್ಜಿಯೊಬ್ಬರು ಪಕ್ಕದವಳನ್ನು ತಿವಿಯುತ್ತಾರೆ.

ಪೂಜೆ ಮುಗಿದ ಮೇಲೆ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು ಬರುತ್ತಾರೆ. "ಕುರ್ಚಿ ವಾಪಸ್ ಕಳಿಸ್ತೀವಮ್ಮಾ. ಅಲ್ಲಾ, ಇನ್ಮೇಲೆ ಶನಿವಾರ ನೀವು ಬರೋ ಕೆಲಸ ಇರಲ್ಲ, ಅಲ್ವಾ?"

ಹನ್ನೊಂದು ವರ್ಷದ ಕೆಲಸ ಹೋದದ್ದು ಹೀಗೆ, ನಿಂತ ಕಾಲಲ್ಲಿ. ಬೆಣೆಯಕ್ಕ ಮಾತ್ರ ಸೆರಗಿಂದ ಮುಖದ ಪುಡಿ ಒರೆಸಿಕೊಂಡು ನಗುತ್ತಾರೆ.

"ಇರಲ್ಲ ಸಾರ್. ಒಂದೇ ಒಂದು ಕೇಳ್ಕೋತೀನಿ. ಮುಂದೆ ಯಾರಾದ್ರೂ ಇವನ್ನ ಎತ್ತಿದ್ರೆ, ಇಡೋ ಮುಂಚೆ ಅಡಿಗೆ ಕೈ ಹಾಕಿ ಎಣಿಸ್ಲಿ. ಇಪ್ಪತ್ತೊಂದರವರೆಗೆ ಎಣಿಸೋಕೆ ಬಂದ್ರೆ ಸಾಕು, ಬಡಗಿ ಬೇಡ."