ಖಾರ ಆದ್ಮೇಲೆ ಬೀಸಿದ ರಾಗಿ

ಅಷ್ಟೊಂದು ಅಂಗಡಿ ಬಾಗಿಲು ಹಾಕಿದ ಕಾಲದಲ್ಲಿ ನಿಮ್ಮ ಹಿಟ್ಟಿನ ಮಿಲ್ಲು ಹೇಗ್ರೀ ಉಳೀತು ಅಂತ ಜನ ಈಗಲೂ ಕೇಳ್ತಾರೆ. ಇವಳ ಬಾಯಿಗೆ ಹೆದರಿ ನಷ್ಟಾನೂ ಓಡಿಹೋಯ್ತು ಅಂತಾರೆ ನಮ್ಮ ಯಜಮಾನ್ರು. ನನ್ನ ಬಾಯಿ ಜೋರು, ಒಪ್ಕೊತೀನಿ. ಇಪ್ಪತ್ತು ವರ್ಷ ಮೋಟಾರ್ ಸದ್ದಿನ ಮೇಲೆ ಕೂಗಿ ಕೂಗಿ, ಮನೇಲಿ ಉಪ್ಪು ಕೊಡಿ ಅಂದ್ರೂ ಜಗಳಕ್ಕೆ ಬಂದಂಗಿರುತ್ತೆ. ಆದ್ರೆ ಮಿಲ್ಲು ಉಳಿದಿದ್ದು ನನ್ನ ಬಾಯಿಂದ ಅಲ್ಲ. ದಿನಾ ಎರಡು ಸೇರು ರಾಗಿ ತರ್ತಿದ್ದ ಒಬ್ಬ ಅಜ್ಜಿಯಿಂದ.

ಮತ್ತಿಕೆರೆಯ ಒಂದು ಅಡ್ಡರಸ್ತೆಯಲ್ಲಿ ನಮ್ಮದು ಒಂದೇ ಕಲ್ಲಿನ ಮಿಲ್ಲು. ಗೋಧಿ, ರಾಗಿ, ಅಕ್ಕಿ ಎಲ್ಲಾ ಅದೇ ಕಲ್ಲಿಗೆ. ಮೆಣಸಿನಕಾಯಿ ಮಾತ್ರ ಮಂಗಳವಾರ, ಅದೂ ಎಲ್ಲರ ಡಬ್ಬ ಮುಗಿದ ಮೇಲೆ. ಖಾರ ಬೀಸಿದ್ರೆ ಘಾಟು ಕಲ್ಲಿನ ಸಂದೀಲಿ ಕೂತ್ಕೊಳ್ಳುತ್ತೆ. ಆಮೇಲೆ ಮೊದಲು ಯಾರ ಧಾನ್ಯ ಹಾಕ್ತೀವೋ ಅವರ ಹಿಟ್ಟೆಲ್ಲಾ ಖಾರ. ಒಂದ್ಸಲ ಮರೆತು ಒಬ್ಬರ ಗೋಧಿ ಹಾಕಿಬಿಟ್ಟಿದ್ದೆ. ಚಪಾತಿ ತಿಂದ ಮಗು ಅತ್ತೂ ಅತ್ತೂ ಸುಸ್ತಾಯ್ತಂತೆ. ಅವರಮ್ಮ ಬಂದು ಬೈದಿದ್ದು, ಅಬ್ಬಬ್ಬಾ, ನನಗೇ ಮಾತು ಬರ್ಲಿಲ್ಲ ಅಂದ್ರೆ ಲೆಕ್ಕ ಹಾಕಿ.

ಕೊರೋನಾ ಬಂತು, ಹತ್ತಿರದ ಕಾಲೇಜು ಮುಚ್ಚಿತು. ಮೂಟೆಗಟ್ಲೆ ಗೋಧಿ ಬೀಸಿಸ್ತಿದ್ದ ಮೆಸ್ಸು, ಪಿಜಿಗಳೆಲ್ಲ ಖಾಲಿ. ಉಳಿದೋರು ಮೊಬೈಲಲ್ಲಿ ಒತ್ತಿ ಪ್ಯಾಕೆಟ್ ಹಿಟ್ಟು ತರಿಸ್ಕೊಳ್ಳೋದು ಕಲಿತ್ರು. ಲಾಕ್‌ಡೌನ್ ತೆಗೆದ ಮೇಲೂ ನಮ್ಮ ಕಲ್ಲು ಸುಮ್ನೆ ನಿಂತಿತ್ತು. "ಮೋಟಾರ್ ಮಾರಿಬಿಡೋಣ ಕಣೇ, ಮೊಬೈಲ್ ಅಂಗಡಿಯೋರು ಜಾಗ ಕೇಳ್ತಿದಾರೆ" ಅಂದ್ರು ಯಜಮಾನ್ರು. ಈ ಮಿಲ್ಲು ಬಿಟ್ರೆ ನಮ್ಮಿಬ್ಬರಿಗೂ ಬೇರೇನೂ ಬರಲ್ಲ.

ಅಷ್ಟರಲ್ಲಿ ಹೊಸ ಕೆಲಸ ಹುಡುಕ್ಕೊಂಡು ಬಂತು. ಸಂಬಳ ನಿಂತುಹೋದ ಮನೆಗಳ ಹೆಂಗಸರು ಸಾಂಬಾರ್ ಪುಡಿ, ಚಟ್ನಿಪುಡಿ ಮಾಡಿ ಅಪಾರ್ಟ್‌ಮೆಂಟುಗಳಿಗೆ ಮಾರೋಕೆ ಶುರು ಮಾಡಿದ್ರು. ದಿನಾ ಒಬ್ಬರಲ್ಲ ಒಬ್ಬರು ಹುರಿದ ಮೆಣಸಿನಕಾಯಿ ಹಿಡ್ಕೊಂಡು ನಿಲ್ತಿದ್ರು. ದಿನಾ ಖಾರ ಬೀಸಿದ್ರೆ ಇರೋ ನಾಲ್ಕು ಗೋಧಿ ಗಿರಾಕಿಗಳೂ ಓಡಿಹೋಗ್ತಾರೆ. ಬೀಸಲ್ಲ ಅಂದ್ರೆ ಅನ್ನಕ್ಕೇ ಕಲ್ಲು. ಅತ್ತ ದರಿ, ಇತ್ತ ಪುಲಿ.

ಆಗ ಬಾಯಿ ಹಾಕಿದ್ದು ಬೆಂಚಿನ ಮೇಲೆ ಕೂತಿದ್ದ ಅಜ್ಜಿ. ಮತ್ತಿಕೆರೆ ಹಳ್ಳಿಯಾಗಿದ್ದಾಗಿನ ಮನೆತನ ಅವರದು. ಹೊಲದಲ್ಲಿ ಲೇಔಟ್ ಎದ್ದು, ಮಗ ನಾಲ್ಕು ಮಹಡಿ ಕಟ್ಟಿಸಿದ್ದ. ಹೆಸರಘಟ್ಟದ ಕಡೆ ಉಳಿದಿದ್ದ ತುಂಡು ಜಮೀನಿನ ರಾಗಿಯನ್ನ ಶನಿವಾರ ಶನಿವಾರ ನಮ್ಮಲ್ಲಿ ಬೀಸಿಸೋರು.

"ಖಾರ ಆದ್ಮೇಲೆ ನಂದು ಆಕವ್ವ," ಅಂದ್ರು. "ರಾಗಿ ಬಿದ್ರೆ ಕಲ್ಲು ತೊಳ್ದಂಗಾಯ್ತದೆ. ಆಮ್ಯಾಕೆ ಯಾರ್ದು ಬೇಕಾದ್ರೂ ಆಕು."

"ನಿಮ್ಮ ಹಿಟ್ಟು ಖಾರ ಆಗುತ್ತಲ್ಲ ಅಜ್ಜಿ?"

"ಒಸಿ ಖಾರ ಆದ್ರೆ ಸಾರು ಕಮ್ಮಿ ಸಾಕು, ಬುಡು."

ಅವತ್ತಿಂದ ದಿನಾ ಬಟ್ಟೆ ಚೀಲದಲ್ಲಿ ಎರಡು ಸೇರು. ದಿನಾ ಯಾಕೆ ಅಂದ್ರೆ, "ನಮ್ದು ದೊಡ್ಡ ಮನೆ ಕಣವ್ವ, ಮೂರೊತ್ತೂ ಇಟ್ಟೇ ಬೇಕು" ಅನ್ನೋರು. ನಾನು ನಂಬಿದೆ. ನಂಬೋದು ನನಗೂ ಅನುಕೂಲವಾಗಿತ್ತಲ್ಲ.

ಬೀಸಿ ಆದ್ಮೇಲೂ ಏಳ್ತಿರ್ಲಿಲ್ಲ. ಯಾವ ರಸ್ತೆ ಯಾರ ಹೊಲವಾಗಿತ್ತು, ಬ್ಯಾಂಕಿರೋ ಜಾಗದಲ್ಲಿ ಯಾರ ಎಮ್ಮೆ ಬಾವಿಗೆ ಬಿದ್ದಿತ್ತು, ಎಲ್ಲಾ ಹೇಳೋರು. ವ್ಯಾಪಾರ ಕುದುರಲಿ ಅಂತ ನಾನು ಬೋರ್ಡಿಗೆ ಬಣ್ಣ ಹೊಡೆಸಿದಾಗ ನೋಡಿ, "ಒಟ್ಟೆಗೆ ಇಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಊವಾ?" ಅಂದ್ರು. ಎಷ್ಟೋ ತಿಂಗಳ ಮೇಲೆ ನಾನೂ ಯಜಮಾನ್ರೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ದು ಅವತ್ತೇ. ಮಿಲ್ಲು ಮಾರೋ ಮಾತು ನಿಧಾನಕ್ಕೆ ನಿಂತುಹೋಯ್ತು.

ಎರಡು ವರ್ಷ ಹಾಗೇ ತಳ್ಳಿದ್ವಿ. ಪುಡಿ ಮಾಡೋರು ಜಾಸ್ತಿಯಾದ್ರು, ಕಾಲೇಜೂ ತೆಗೀತು. ಕೊನೆಗೆ ಖಾರಕ್ಕೆ ಅಂತಾನೇ ಬೇರೆ ಮಿಷನ್ ತಂದ್ವಿ. ಅದು ಓಡಿದ ಮೊದಲ ದಿನ, ಐದಾರು ಜನ ನಿಂತಿದ್ರು, ಫೋನ್ ಬಡ್ಕೊತಿತ್ತು. ಅಜ್ಜಿ ಚೀಲ ಹಿಡ್ಕೊಂಡು ಬಂದ್ರು. ನಾನು ನಿಂತಲ್ಲಿಂದಲೇ ಕೂಗಿದೆ: "ಅಜ್ಜೀ, ಇನ್ಮೇಲೆ ನೀವು ಬರೋದು ಬೇಡ! ಬೇರೆ ಮಿಷನ್ ಬಂತು. ರಾಗಿ ಇದ್ರೆ ಫೋನ್ ಮಾಡ್ಸಿ, ನಾವೇ ಬಂದು ತಗೊಂಡ್ಹೋಗಿ ಬೀಸಿ ಕಳಿಸ್ತೀವಿ!"

ದೇವರಾಣೆ, ಒಳ್ಳೇದಕ್ಕೇ ಅಂದಿದ್ದು. ಬಿಸಿಲಲ್ಲಿ ಅವರು ಯಾಕೆ ಅಲೀಬೇಕು ಅಂತ.

ಅಜ್ಜಿ ಹೊಸ ಮಿಷನ್ ನೋಡಿದ್ರು. "ಚೆಂದಾಗೈತೆ ಕಣವ್ವ" ಅಂದ್ರು. "ಓಗ್ತೀನಿ" ಅಂತ ಮೆಟ್ಟಿಲಿಳಿದ್ರು. ದಿನಾ "ಬತ್ತೀನಿ" ಅನ್ನೋರು. ಹೊಸಿಲು ದಾಟೋವಾಗ ನಮ್ಮ ಜನ ಹೋಗ್ತೀನಿ ಅನ್ನಲ್ಲ. ಮೋಟಾರ್ ಸದ್ದಲ್ಲಿ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗ್ಲಿಲ್ಲ.

ಆಮೇಲೆ ಬರ್ಲೇ ಇಲ್ಲ, ಫೋನೂ ಇಲ್ಲ. ನಾಲ್ಕು ಹೆಜ್ಜೆ ಮನೆ, ನಾನೇ ಹೋಗ್ಬಹುದಿತ್ತು. ಇವತ್ತು ಕೆಲಸ, ನಾಳೆ ಕೆಲಸ ಅಂತ ಒಂದು ಮಳೆಗಾಲವೇ ಕಳೀತು. ಗಿರಾಕಿಗಳು ಡಬ್ಬ ಇಟ್ಟು ಫೋನ್ ನೋಡ್ತಾ ಹೊರಗೆ ನಿಲ್ತಾರೆ, ಬೆಂಚಿನ ಮೇಲೆ ಯಾರೂ ಕೂರಲ್ಲ. ಮಿಲ್ಲು ಉಳೀಲಿ ಅಂತ ಬೇಡ್ಕೊಂಡಿದ್ದೆ, ಉಳೀತು. ಅಜ್ಜಿ ಜೊತೆಗಿದ್ದ ಆ ಕೆಟ್ಟ ವರ್ಷಗಳೇ ಚೆನ್ನಾಗಿದ್ವು ಅನ್ನಿಸೋಕೆ ಶುರುವಾಯ್ತು. ಯಾರಿಗೆ ಹೇಳೋದು ಇದನ್ನ?

ಒಂದಿನ ಅವರ ಸೊಸೆ ಗೋಧಿ ತಂದ್ಲು. ಅತ್ತೆ ಈಗ ಹೆಸರಘಟ್ಟದಲ್ಲಿ ಕಿರಿಮಗನ ಮನೇಲಿದಾರೆ ಅಂದ್ಲು.

"ನಿಮ್ಮದು ದೊಡ್ಡ ಮನೆ, ರಾಗಿ ಎಲ್ಲಿ ಬೀಸಿಸ್ತೀರಮ್ಮ ಈಗ?" ಅಂತ ಕೇಳಿದೆ.

ಅವಳು ನಕ್ಕಳು. "ನಮ್ಮನೇಲಿ ಮುದ್ದೆ ಯಾರಕ್ಕ ತಿಂತಾರೆ? ಅತ್ತೆ ಒಬ್ರೇ. ಅದೇನ್ ಖಾರ ಹಿಟ್ಟು ಅಂತೀರಾ! ಕಣ್ಣು ಮೂಗಲ್ಲಿ ನೀರು ಇಳಿಸ್ಕೊಂಡು ತಿನ್ನೋರು, ಮಿಕ್ಕಿದ್ದು ಹಸುಗೆ ಕಳಿಸೋರು. ಬೇರೆ ಕಡೆ ಬೀಸಿಸೋಣ ಅಂದ್ರೆ, ನಾನು ಓಗ್ಲಿಲ್ಲ ಅಂದ್ರೆ ಅವಳ ಮಿಲ್ಲು ನಿಂತೋಯ್ತದೆ ಅಂತ ಜಗಳ ಆಡೋರು."

ನಾನು ಮಿಲ್ಲಿನ ಹಿಂದೆ ಹೋಗಿ ಅತ್ತುಬಿಟ್ಟೆ. ಹೊರಗೆ ಬಂದಾಗ ಯಜಮಾನ್ರು ಏನಾಯ್ತೇ ಅಂದ್ರು. ಖಾರದ ಘಾಟು ಅಂದೆ.

ಭಾನುವಾರವೇ ಬಸ್ ಹತ್ತಿದೆ. ಅಜ್ಜಿ ಬಾಗಿಲ ಮುಂದೆ ಬಿಸಿಲಿಗೆ ಕೂತಿದ್ರು. ನನ್ನ ನೋಡಿ ಮುಖ ಅರಳಿತು. ಕೈ ಹಿಡ್ಕೊಂಡೆ. "ಅಜ್ಜಿ, ಮಿಲ್ಲಿಗೆ ಬನ್ನಿ. ರಾಗಿ ಬೇಡ, ಏನೂ ಬೇಡ, ಸುಮ್ನೆ ಬಂದು ಕೂತ್ಕೊಳ್ಳಿ. ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಅಜ್ಜಿ ಸೀರೆ ನೆರಿಗೆ ಸ್ವಲ್ಪ ಮೇಲೆತ್ತಿ ಪಾದ ತೋರಿಸಿದ್ರು. ಊದಿಕೊಂಡು ಮಿರಮಿರ ಅಂತಿತ್ತು. ಇಬ್ಬರು ಹಿಡಿದ್ರೇನೇ ಏಳೋದಂತೆ.

"ಈಗ ಕಾಲಿಲ್ಲ ಕಣವ್ವ," ಅಂದ್ರು. "ಕಾಲಿದ್ದಾಗ ನೀನೇ ಬ್ಯಾಡ ಅಂದೆ."

ಆ ಮಾತಲ್ಲಿ ಕೋಪ ಇರ್ಲಿಲ್ಲ. ಇದ್ದಿದ್ರೆ ನಾನೂ ನಾಲ್ಕು ಮಾತಾಡಿ, ಜಗಳ ಆಡಿ, ಹಗುರಾಗಿ ಮನೆಗೆ ಬರ್ತಿದ್ದೆ.